ಹೋಟೆಲ್ ಲಿಫ್ಟ್‌ನಲ್ಲಿ ಗಾಯವಾದರೆ ಹೊಣೆ ಯಾರದು? ರಸ್ತೆಯಲ್ಲಿ ಸಿಗುವ ರಕ್ಷಣೆ ಕಟ್ಟಡದೊಳಗೆ ಏಕಿಲ್ಲ?

ಹೋಟೆಲ್‌ ಗೇಟಿನ ಹೊರಗೆ ಆಟೋ ಡಿಕ್ಕಿ ಹೊಡೆದು ಒಬ್ಬರ ಕಾಲು ಮುರಿಯಿತು ಎಂದುಕೊಳ್ಳಿ. ಆಟೋಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಪರಿಹಾರ ಕೇಳಲು ಪ್ರತ್ಯೇಕ ನ್ಯಾಯಮಂಡಳಿ ಇದೆ. ತಪ್ಪು ಯಾರದು ಎಂದು ಸಾಬೀತು ಮಾಡದೆಯೇ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಅಡಿ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಕೇಳಬಹುದು. ಡಿಕ್ಕಿ ಹೊಡೆದವರು ಪರಾರಿಯಾಗಿ ವಾಹನ ಪತ್ತೆಯಾಗದಿದ್ದರೂ ಸರ್ಕಾರದ ಯೋಜನೆಯಲ್ಲಿ ಒಂದಿಷ್ಟು ಹಣ ಬರುತ್ತದೆ.

ಅದೇ ವ್ಯಕ್ತಿ ಗೇಟು ದಾಟಿ ಒಳಗೆ ಬಂದು, ಲಿಫ್ಟ್‌ನ ಬಾಗಿಲಿಗೆ ಸಿಕ್ಕಿ ಕಾಲು ಮುರಿದುಕೊಂಡರೆ? ಪ್ರತ್ಯೇಕ ನ್ಯಾಯಮಂಡಳಿ ಇಲ್ಲ. ತಪ್ಪು ಸಾಬೀತಾಗುವ ಮೊದಲೇ ಸಿಗುವ ನಿಗದಿತ ಮೊತ್ತವೂ ಇಲ್ಲ. ವಿಮೆ ಇರಲೇಬೇಕು ಎಂಬ ನಿಯಮ ಕೆಲವು ರಾಜ್ಯಗಳಲ್ಲಿ ಮಾತ್ರ ಇದೆ. ಹೋಟೆಲ್‌ನವರು ಮೇಂಟೆನೆನ್ಸ್ ಕಂಪನಿಯತ್ತ, ಮೇಂಟೆನೆನ್ಸ್ ಕಂಪನಿಯವರು ಲಿಫ್ಟ್ ತಯಾರಿಸಿದವರತ್ತ ಕೈ ತೋರಿಸುತ್ತಾರೆ. ಕೊನೆಗೆ ಮೂವರೂ ಸೇರಿ ಗಾಯಗೊಂಡವರ ಅಜಾಗರೂಕತೆಯತ್ತ ಬೆರಳು ಮಾಡುತ್ತಾರೆ.

ಹಾಗೆಂದು ಗಾಯಗೊಂಡವರಿಗೆ ಕಾನೂನಿನಲ್ಲಿ ದಾರಿಯೇ ಇಲ್ಲ ಎಂದಲ್ಲ. ದಾರಿಗಳು ಹಲವಿವೆ, ಆದರೆ ಚದುರಿಹೋಗಿವೆ. ಯಾವುದನ್ನು ಹಿಡಿಯಬೇಕು ಎಂದು ತಿಳಿಯುವಷ್ಟರಲ್ಲಿ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ, ಲಿಫ್ಟ್ ರಿಪೇರಿಯಾಗಿರುತ್ತದೆ.

ಹಗ್ಗ ಹರಿಯುವುದು ಅಪರೂಪ

ಲಿಫ್ಟ್ ದುರಂತ ಎಂದರೆ ಹಗ್ಗ ಹರಿದು ಮೇಲಿಂದ ಬೀಳುವುದು ಎಂಬ ಕಲ್ಪನೆ ಜನರಲ್ಲಿದೆ. ವಾಸ್ತವದಲ್ಲಿ ಪ್ರಯಾಣಿಕರ ಲಿಫ್ಟ್ ಒಂದಕ್ಕಿಂತ ಹೆಚ್ಚು ಉಕ್ಕಿನ ಹಗ್ಗಗಳ ಮೇಲೆ ನಿಂತಿರುತ್ತದೆ. ವೇಗ ಮಿತಿ ಮೀರಿದರೆ ಗೈಡ್ ರೈಲ್ ಅನ್ನು ಕಚ್ಚಿ ಹಿಡಿಯುವ ಸುರಕ್ಷತಾ ಬ್ರೇಕ್ ಬೇರೆ ಇರುತ್ತದೆ. ಜನರಿಗೆ ಗಾಯವಾಗುವುದು ಹೆಚ್ಚಾಗಿ ಬಾಗಿಲ ಬಳಿ. ಲಿಫ್ಟ್ ಬಂದಿಲ್ಲದಿದ್ದರೂ ಬಾಗಿಲು ತೆರೆದುಕೊಳ್ಳುವುದು, ಹತ್ತುತ್ತಿರುವಾಗಲೇ ಲಿಫ್ಟ್ ಚಲಿಸುವುದು, ನೆಲದ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೋ ಕೆಳಗೋ ನಿಂತು ಮುಗ್ಗರಿಸುವಂತಾಗುವುದು ಸಾಮಾನ್ಯ ಕಾರಣಗಳು.

ಎಸ್ಕಲೇಟರ್‌ನಲ್ಲಿ ಅಪಾಯದ ಜಾಗ ಎರಡು. ಮೆಟ್ಟಿಲು ಕೊನೆಯಾಗಿ ಒಳಗೆ ಸೇರುವ ಹಲ್ಲಿನಂಥ ಲೋಹದ ಪಟ್ಟಿ ಒಂದು. ಮೆಟ್ಟಿಲು ಮತ್ತು ಪಕ್ಕದ ಗೋಡೆಯ ನಡುವಿನ ಸಂದು ಇನ್ನೊಂದು. ಸೀರೆಯ ಸೆರಗು, ದುಪಟ್ಟಾ, ಮೆದು ರಬ್ಬರ್ ಚಪ್ಪಲಿ, ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಇಲ್ಲೇ. ಆ ಪಟ್ಟಿಯ ಒಂದು ಹಲ್ಲು ಮುರಿದಿದ್ದರೂ ಅಪಾಯ ಹೆಚ್ಚು.

ಇವುಗಳಲ್ಲಿ ಬಹುಪಾಲು ದಿಢೀರನೆ ಹುಟ್ಟುವ ದೋಷಗಳಲ್ಲ. ಸರಿಯಾಗಿ ತಪಾಸಣೆ ಮಾಡಿದರೆ ಮೊದಲೇ ಕಣ್ಣಿಗೆ ಬೀಳುವಂಥವು. ಹೊಣೆಗಾರಿಕೆಯ ಚರ್ಚೆಯಲ್ಲಿ ಈ ಅಂಶವೇ ಮುಖ್ಯವಾಗುತ್ತದೆ.

ಹಣ ಪಡೆದವರೇ ಮೊದಲ ಹೊಣೆ

ಗಾಯಗೊಂಡವರಿಗೆ ಹತ್ತಿರದ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹೋಟೆಲ್ ಬಾಡಿಗೆ ಕೊಟ್ಟವರು ಕೊಂಡಿರುವುದು ಹಾಸಿಗೆ ಮತ್ತು ಬಾತ್‌ರೂಮನ್ನು ಮಾತ್ರವಲ್ಲ. ಕೋಣೆಗೆ ಸುರಕ್ಷಿತವಾಗಿ ಹೋಗಿ ಬರುವ ವ್ಯವಸ್ಥೆಯೂ ಅದೇ ಸೇವೆಯ ಭಾಗ. ಅದರಲ್ಲಿ ಲೋಪವಾದರೆ ಅದು ಸೇವಾ ನ್ಯೂನತೆ.

1999ರ ಡಿಸೆಂಬರ್‌ನಲ್ಲಿ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದ ಎಸ್ಕಲೇಟರ್‌ಗೆ ಸಿಕ್ಕಿ ಎಂಟು ವರ್ಷದ ಬಾಲಕಿ ಮೃತಪಟ್ಟಿದ್ದಳು. ಹೆತ್ತವರು ರಾಷ್ಟ್ರೀಯ ಗ್ರಾಹಕ ಆಯೋಗದ ಮೆಟ್ಟಿಲೇರಿದರು. 2004ರಲ್ಲಿ ಆಯೋಗ ವಿಮಾನ ನಿಲ್ದಾಣ ಪ್ರಾಧಿಕಾರವನ್ನು ಹೊಣೆಯಾಗಿಸಿತು. ಸಾರ್ವಜನಿಕ ಕಟ್ಟಡದ ಎಸ್ಕಲೇಟರ್ ದುರಂತವನ್ನು ಗ್ರಾಹಕ ಕಾನೂನಿನಡಿ ಪ್ರಶ್ನಿಸಬಹುದು ಎಂಬುದಕ್ಕೆ ಈ ಪ್ರಕರಣ ಇಂದಿಗೂ ಆಧಾರ.

ಬಿಲ್ ಕೊಟ್ಟವರಿಗೆ ಮಾತ್ರ ಈ ಹಕ್ಕು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಮದುವೆ ಆರತಕ್ಷತೆಗೆ ಹೋಟೆಲ್‌ಗೆ ಬಂದ ನೆಂಟರು, ಕಂಪನಿ ಖರ್ಚಿನಲ್ಲಿ ತಂಗಿದ ನೌಕರರು, ಅಪ್ಪ-ಅಮ್ಮನ ಜೊತೆ ಬಂದ ಮಗು, ಇವರೆಲ್ಲ ಇದರಲ್ಲಿ ಸೇರುತ್ತಾರೆ.

ಕಷ್ಟ ಎದುರಾಗುವುದು ಏನನ್ನೂ ಕೊಳ್ಳದೆ ಮಾಲ್‌ನಲ್ಲಿ ಸುತ್ತಾಡಿ ಬರುವವರಿಗೆ. ಅವರು ಯಾವ ಸೇವೆಗೂ ಹಣ ಕೊಟ್ಟಿಲ್ಲ ಎಂದು ಮಾಲ್‌ನವರು ವಾದಿಸಬಹುದು. ಅಂಥವರಿಗೆ ಉಳಿಯುವುದು ಸಿವಿಲ್ ನ್ಯಾಯಾಲಯದಲ್ಲಿ ನಿರ್ಲಕ್ಷ್ಯದ ದಾವೆ. ಅಲ್ಲಿ ಕೋರ್ಟ್ ಶುಲ್ಕವೂ ಹೆಚ್ಚು, ಹಿಡಿಯುವ ಕಾಲವೂ ಹೆಚ್ಚು. ಪಾರ್ಕಿಂಗ್ ಚೀಟಿ, ಕಾಫಿ ಬಿಲ್, ಸಿನಿಮಾ ಟಿಕೆಟ್ ಇಂಥ ಹೊತ್ತಿನಲ್ಲಿ ಬೆಲೆ ಬಾಳುತ್ತವೆ.

ಕ್ಯಾಸಿನೊಗಳ ಲೆಕ್ಕವೂ ಇದೇ. ಭಾರತದಲ್ಲಿ ಕ್ಯಾಸಿನೊಗಳಿಗೆ ಅವಕಾಶ ಇರುವುದು ಗೋವಾ, ಸಿಕ್ಕಿಂನಂಥ ಕೆಲವೇ ಕಡೆ. ಪಣಜಿಯ ಮಾಂಡೋವಿ ನದಿಯ ಮೇಲಿನ ತೇಲುವ ಕ್ಯಾಸಿನೊಗಳಿಗೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಹೋಗುವವರು ಕಡಿಮೆಯೇನಲ್ಲ. ಪ್ರವೇಶಕ್ಕೆ ಹಣ ಪಡೆದ ಮೇಲೆ ಹಡಗಿಗೆ ಹತ್ತಿಸುವ ಏಣಿಯಿಂದ ಹಿಡಿದು ಒಳಗಿನ ಲಿಫ್ಟ್‌ವರೆಗೆ ಸುರಕ್ಷತೆ ನಡೆಸುವವರ ಹೊಣೆ. ಜೂಜಿನಲ್ಲಿ ಹಣ ಕಳೆದುಕೊಂಡರೆ ಅದು ಆಡಿದವರ ಪಾಡು. ಕಾಲು ಕಳೆದುಕೊಂಡರೆ ಹಾಗಲ್ಲ.

ಕ್ಯಾಸಿನೊಗಳ ತವರೆನಿಸಿದ ಅಮೆರಿಕದಲ್ಲಿ ಈ ಕಾನೂನು ಬಹಳ ಹಿಂದೆಯೇ ಬೆಳೆದಿದೆ. ಲಿಫ್ಟ್ ನಡೆಸುವವರು ರೈಲು, ಬಸ್ ನಡೆಸುವವರಷ್ಟೇ ಎಚ್ಚರ ವಹಿಸಬೇಕು ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1889ರಲ್ಲೇ ಹೇಳಿತ್ತು. ಲಾಸ್ ವೇಗಸ್ ಇರುವ ನೆವಾಡಾದಲ್ಲಿ ಗಾಯದ ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷದ ಗಡುವು. ಗಾಯಗೊಂಡವರ ತಪ್ಪು ಎದುರು ಪಕ್ಷದ ತಪ್ಪಿಗಿಂತ ಹೆಚ್ಚೆಂದು ಕಂಡುಬಂದರೆ ಅಲ್ಲಿ ಪರಿಹಾರವೇ ಇಲ್ಲ. ಪ್ರವಾಸಕ್ಕೆ ಹೋದ ಭಾರತೀಯರಿಗೂ ಅಲ್ಲಿನ ನಿಯಮವೇ ಅನ್ವಯ.

'ಮೇಂಟೆನೆನ್ಸ್ ಕಂಪನಿಯನ್ನು ಕೇಳಿ' ಎಂಬ ಉತ್ತರ

ಹೋಟೆಲ್‌ಗಳ ಮೊದಲ ರಕ್ಷಣೆ ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ. 'ನಮಗೆ ಲಿಫ್ಟ್ ತಂತ್ರಜ್ಞಾನ ಗೊತ್ತಿಲ್ಲ, ಅದಕ್ಕಾಗಿಯೇ ಪರಿಣತರಿಗೆ ಕೊಟ್ಟಿದ್ದೇವೆ' ಎಂಬುದು ಅವರ ವಾದ.

ಈ ವಾದಕ್ಕೆ ಹಳೆಯ ಬೇರಿದೆ. 1941ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಲಿಫ್ಟ್ ಬಿದ್ದು ಗಾಯವಾದ ಪ್ರಕರಣದಲ್ಲಿ ಕಟ್ಟಡದ ಮಾಲೀಕರನ್ನು ಬಿಟ್ಟು ರಿಪೇರಿ ಮಾಡಿದ ಕಂಪನಿಯನ್ನು ಹೊಣೆಯಾಗಿಸಿತ್ತು. ಸಮರ್ಥ ಕಂಪನಿಯನ್ನು ನೇಮಿಸಿದ್ದರಿಂದ ಮಾಲೀಕರು ತಮ್ಮ ಕರ್ತವ್ಯ ಮಾಡಿದಂತಾಯಿತು ಎಂಬುದು ಕಾರಣ. ನಿರ್ಲಕ್ಷ್ಯದ ಕಾನೂನನ್ನು ಭಾರತ ಬಹುಮಟ್ಟಿಗೆ ಇಂಗ್ಲೆಂಡಿನಿಂದಲೇ ಪಡೆದಿರುವುದರಿಂದ ವಕೀಲರು ಇಂಥ ತೀರ್ಪುಗಳನ್ನು ಇಂದಿಗೂ ಮುಂದಿಡುತ್ತಾರೆ.

ಆದರೆ ಈ ವಾದ ಗ್ರಾಹಕ ಆಯೋಗದಲ್ಲಿ ಅಷ್ಟು ದೂರ ಸಾಗುವುದಿಲ್ಲ. ಅತಿಥಿಯಿಂದ ಹಣ ಪಡೆದದ್ದು ಹೋಟೆಲ್, ಮೇಂಟೆನೆನ್ಸ್ ಕಂಪನಿಯಲ್ಲ. ಅವರಿಬ್ಬರ ನಡುವಿನ ಒಪ್ಪಂದಕ್ಕೆ ಅತಿಥಿ ಸಹಿ ಹಾಕಿಲ್ಲ. ಹೋಟೆಲ್ ಮೊದಲು ಪರಿಹಾರ ಕೊಟ್ಟು, ಬೇಕಿದ್ದರೆ ಕಂಪನಿಯಿಂದ ವಸೂಲಿ ಮಾಡಿಕೊಳ್ಳಲಿ ಎಂಬುದು ನ್ಯಾಯಕ್ಕೆ ಹತ್ತಿರವಾದ ನಿಲುವು. ಇಬ್ಬರ ನಿರ್ಲಕ್ಷ್ಯವೂ ಸೇರಿ ಗಾಯವಾಗಿದ್ದರೆ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಲು ಅವಕಾಶವಿದೆ. ಹೀಗಾಗಿ ದೂರಿನಲ್ಲಿ ಹೋಟೆಲ್, ಎಎಂಸಿ ಕಂಪನಿ ಇಬ್ಬರನ್ನೂ ಸೇರಿಸುವುದು ಜಾಣತನ.

ತಯಾರಕರನ್ನೂ ಬಿಡಬೇಕಿಲ್ಲ. 2019ರ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆ ಒಂದು ಪೂರ್ತಿ ಅಧ್ಯಾಯವನ್ನೇ ಮೀಸಲಿಟ್ಟಿದೆ. ವಿನ್ಯಾಸ ಅಥವಾ ತಯಾರಿಕೆಯಲ್ಲಿ ದೋಷವಿದ್ದರೆ, ಬಳಕೆಯ ಎಚ್ಚರಿಕೆ ಸರಿಯಾಗಿ ಕೊಡದಿದ್ದರೆ ತಯಾರಕರು ಹೊಣೆ. ಸೇವೆ ಒದಗಿಸುವವರಿಗೂ ಅದೇ ಅಧ್ಯಾಯ ಅನ್ವಯಿಸುತ್ತದೆ.

ಬೋರ್ಡ್ ಹಾಕಿದರೆ ಸಾಕೇ?

'ಸ್ವಂತ ಜವಾಬ್ದಾರಿಯಲ್ಲಿ ಬಳಸಿ' ಎಂಬ ಬೋರ್ಡ್ ಹಲವು ಕಟ್ಟಡಗಳಲ್ಲಿದೆ. ಅದರ ಬೆಲೆ ಎಷ್ಟು ಎಂಬುದಕ್ಕೆ ಸುಪ್ರೀಂ ಕೋರ್ಟ್‌ನ 2019ರ ನವೆಂಬರ್ ತೀರ್ಪಿನಲ್ಲಿ ಸುಳಿವಿದೆ. ದೆಹಲಿಯ ತಾಜ್‌ಮಹಲ್ ಹೋಟೆಲ್‌ನಲ್ಲಿ 1998ರಲ್ಲಿ ಅತಿಥಿಯೊಬ್ಬರು ವ್ಯಾಲೆಗೆ ಕೊಟ್ಟ ಕಾರು ಕಳುವಾಗಿತ್ತು. ಪಾರ್ಕಿಂಗ್ ಚೀಟಿಯಲ್ಲಿ 'ಮಾಲೀಕರದೇ ಜವಾಬ್ದಾರಿ' ಎಂದು ಮುದ್ರಿಸಲಾಗಿದೆ ಎಂಬುದು ಹೋಟೆಲ್‌ನ ವಾದ. ತನ್ನ ಕಡೆಯ ನಿರ್ಲಕ್ಷ್ಯವನ್ನು ಇಂಥ ಸಾಲಿನ ಹಿಂದೆ ಅಡಗಿಸಲಾಗದು ಎಂದು ಕೋರ್ಟ್ ಹೇಳಿತು.

ಅದು ಕಾರಿನ ಪ್ರಕರಣ. ಆದರೆ ಕಾರಿಗೇ ಇಲ್ಲದ ವಿನಾಯಿತಿ ಮನುಷ್ಯರ ಜೀವದ ವಿಷಯದಲ್ಲಿ ಹೋಟೆಲ್‌ಗೆ ಸಿಗಬೇಕು ಎಂದು ವಾದಿಸುವುದು ಕಷ್ಟ. ಅನ್ಯಾಯದ ಷರತ್ತುಗಳನ್ನು ಪ್ರಶ್ನಿಸಲು ಹೊಸ ಗ್ರಾಹಕ ಕಾಯ್ದೆಯಲ್ಲೂ ಅವಕಾಶವಿದೆ.

ಆದರೆ ಎಚ್ಚರಿಕೆಯ ಬೋರ್ಡ್ ಸಂಪೂರ್ಣ ವ್ಯರ್ಥವೂ ಅಲ್ಲ. 'ರಿಪೇರಿಯಲ್ಲಿದೆ' ಎಂದು ಅಡ್ಡಪಟ್ಟಿ ಕಟ್ಟಿದ್ದರೂ ದಾಟಿ ಹೋದವರು, ಎಸ್ಕಲೇಟರ್‌ನಲ್ಲಿ ಉಲ್ಟಾ ಓಡಿದವರು, ಓವರ್‌ಲೋಡ್ ಬಜರ್ ಹೊಡೆಯುತ್ತಿದ್ದರೂ ನುಗ್ಗಿದವರು ಪರಿಹಾರದಲ್ಲಿ ಒಂದು ಪಾಲು ಕಳೆದುಕೊಳ್ಳಬಹುದು. ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಈ ವಾದವನ್ನು ಸುಲಭವಾಗಿ ಒಪ್ಪುವುದಿಲ್ಲ. ಮಕ್ಕಳು ಬರುವ ಜಾಗ ಎಂದು ಗೊತ್ತಿದ್ದ ಮೇಲೆ ಮಕ್ಕಳಂತೆಯೇ ವರ್ತಿಸುತ್ತಾರೆ ಎಂಬುದೂ ಗೊತ್ತಿರಬೇಕು.

ಘಟನೆಯೇ ಸಾಕ್ಷಿ ಹೇಳುವ ಹೊತ್ತು

ಗಾಯಗೊಂಡವರಿಗೆ ದೊಡ್ಡ ತಲೆನೋವು ಸಾಬೀತು. ಲಿಫ್ಟ್‌ನ ಮೆಷಿನ್ ರೂಮಿನಲ್ಲಿ ಏನು ಕೆಟ್ಟಿತ್ತು ಎಂದು ಅತಿಥಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ನೆರವಿಗೆ ಬರುವುದು 'ಘಟನೆಯೇ ಮಾತನಾಡುತ್ತದೆ' ಎಂಬ ತತ್ವ. ಎಚ್ಚರ ವಹಿಸಿದ್ದರೆ ಸಾಮಾನ್ಯವಾಗಿ ನಡೆಯದಂಥ ಘಟನೆ ನಡೆದಿದ್ದು, ಆ ವಸ್ತು ಎದುರು ಪಕ್ಷದ ಹಿಡಿತದಲ್ಲಿದ್ದರೆ, ತಾನು ನಿರ್ಲಕ್ಷ್ಯ ತೋರಿಲ್ಲ ಎಂದು ವಿವರಿಸುವ ಭಾರ ಅವರ ಮೇಲೆ ಬೀಳುತ್ತದೆ.

ದೆಹಲಿಯ ಚಾಂದನಿ ಚೌಕ್‌ನಲ್ಲಿ ಟೌನ್ ಹಾಲ್ ಎದುರಿನ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತಿದ್ದರು. ಸುಮಾರು 80 ವರ್ಷ ಹಳೆಯ ಗೋಪುರ ಅದು. ಅಂಥ ಕಟ್ಟಡದ ಆಯಸ್ಸು ಅದರ ಅರ್ಧದಷ್ಟು ಮಾತ್ರ ಎಂದು ಪರಿಣತರು ಹೇಳಿದ್ದರು. ಗೋಪುರ ತಾನಾಗಿ ಬಿದ್ದಿತು ಎಂಬುದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ನಗರಾಡಳಿತವನ್ನು ಹೊಣೆಯಾಗಿಸಿತು. ದೋಷ ಕಣ್ಣಿಗೆ ಕಾಣುತ್ತಿತ್ತೋ ಇಲ್ಲವೋ ಎಂಬುದು ನೆಪವಾಗದು ಎಂದೂ ಸ್ಪಷ್ಟಪಡಿಸಿತು. ಲಿಫ್ಟ್ ಬಂದಿಲ್ಲದಿದ್ದರೂ ಬಾಗಿಲು ತೆರೆದುಕೊಂಡಿತು ಎಂದಾದರೆ ಅದೇ ತರ್ಕವನ್ನು ಹೋಟೆಲ್ ಮುಂದೆಯೂ ಇಡಬಹುದು.

ಗೆದ್ದರೂ ಕೈಗೆ ಸಿಗದ ಪರಿಹಾರ

ಸಿವಿಲ್ ದಾವೆಯ ದಾರಿ ಎಷ್ಟು ಉದ್ದ ಎಂಬುದಕ್ಕೆ ಹೋಟೆಲ್ ಹೊಣೆಗಾರಿಕೆಯ ಅತಿ ಪ್ರಸಿದ್ಧ ಪ್ರಕರಣವೇ ಸಾಕು. 1972ರಲ್ಲಿ ದೆಹಲಿಯ ಪಂಚತಾರಾ ಹೋಟೆಲ್ ಒಂದರ ಈಜುಕೊಳಕ್ಕೆ ಡೈವ್ ಮಾಡಿದ ಜರ್ಮನಿಯ ಅತಿಥಿಯೊಬ್ಬರು ತಲೆಗೆ ಪೆಟ್ಟಾಗಿ ಪಾರ್ಶ್ವವಾಯುವಿಗೆ ತುತ್ತಾದರು. ದಾವೆ ನಡೆಯುತ್ತಿರುವಾಗಲೇ ಅವರು ತೀರಿಕೊಂಡರು. 1997ರಲ್ಲಿ ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 50 ಲಕ್ಷ ರೂಪಾಯಿ ಪರಿಹಾರ ನೀಡಿತು. ಪಂಚತಾರಾ ದರ ಪಡೆಯುವ ಹೋಟೆಲ್ ಅದಕ್ಕೆ ತಕ್ಕ ಮಟ್ಟದ ಎಚ್ಚರವನ್ನೂ ವಹಿಸಬೇಕು ಎಂಬ ಆ ತೀರ್ಪಿನ ಮಾತು ಕಾನೂನು ತರಗತಿಗಳಲ್ಲಿ ಇಂದಿಗೂ ಪಾಠ.

ಆದರೆ ಮುಂದೇನಾಯಿತು ಎಂಬುದು ಅಷ್ಟು ಪ್ರಸಿದ್ಧವಲ್ಲ. ಹೋಟೆಲ್ ಮೇಲ್ಮನವಿ ಹೋಯಿತು. ದಾವೆ ಹೂಡಿದವರ ಸಾವಿನೊಂದಿಗೇ ದಾವೆಯೂ ಮುಗಿದಂತೆ ಎಂದು ವಿಭಾಗೀಯ ಪೀಠ ಆ ತೀರ್ಪನ್ನು ಬದಿಗೆ ಸರಿಸಿತು. ಕಾಲು ಶತಮಾನದ ಹೋರಾಟದ ಬಳಿಕ ಉಳಿದದ್ದು ಒಂದು ಒಳ್ಳೆಯ ವಾಕ್ಯ ಮಾತ್ರ.

ಗ್ರಾಹಕ ಆಯೋಗದ ದಾರಿಯೂ ವೇಗದ್ದಲ್ಲ. ಆದರೂ ಮೂರು ಅನುಕೂಲಗಳಿವೆ. ಒಂದು, ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು, ವಕೀಲರಿಲ್ಲದೆಯೂ ವಾದಿಸಬಹುದು. ಮೂರು, ದೂರುದಾರರು ತಾವು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಗೋವಾದ ಹೋಟೆಲ್‌ನಲ್ಲಿ ಗಾಯಗೊಂಡ ಪುಣೆಯ ಕನ್ನಡಿಗರು ಪಣಜಿಗೆ ಅಲೆಯಬೇಕಿಲ್ಲ, ಪುಣೆಯ ಜಿಲ್ಲಾ ಆಯೋಗವೇ ಸಾಕು. ಹೊರ ರಾಜ್ಯಗಳಲ್ಲಿ ನೆಲೆಸಿ, ರಜೆಗೆ ಮತ್ತೊಂದು ರಾಜ್ಯಕ್ಕೆ ಹೋಗುವ ಕುಟುಂಬಗಳಿಗೆ ಇದು ಸಣ್ಣ ಸೌಲಭ್ಯವಲ್ಲ.

ಯಾವ ಹಂತದ ಆಯೋಗಕ್ಕೆ ಹೋಗಬೇಕು ಎಂಬುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ಎಂಟು ಸಾವಿರ ರೂಪಾಯಿಯ ಹೋಟೆಲ್ ಬಿಲ್ ಇದ್ದು, ಕೋಟಿ ರೂಪಾಯಿ ಪರಿಹಾರ ಕೇಳಿದರೂ ದೂರು ಜಿಲ್ಲಾ ಆಯೋಗದಲ್ಲೇ ಶುರುವಾಗುತ್ತದೆ. ದೂರು ಕೊಡಲು ಗಡುವು ಎರಡು ವರ್ಷ.

ರಾಜ್ಯಕ್ಕೊಂದು ಕಾನೂನು

ಪರಿಹಾರದ ಕಾನೂನು ದೇಶಕ್ಕೆಲ್ಲ ಒಂದೇ. ಆದರೆ ಲಿಫ್ಟ್ ಅಳವಡಿಕೆ, ಪರವಾನಗಿ, ತಪಾಸಣೆಯ ಕಾನೂನು ರಾಜ್ಯ ರಾಜ್ಯಕ್ಕೆ ಬದಲಾಗುತ್ತದೆ.

ಮುಂಬೈಯಲ್ಲಿ 1939ರ ಬಾಂಬೆ ಲಿಫ್ಟ್ಸ್ ಕಾಯ್ದೆ ದಶಕಗಳ ಕಾಲ ನಡೆಯಿತು. 2017ರಲ್ಲಿ ಮಹಾರಾಷ್ಟ್ರ ಅದರ ಜಾಗಕ್ಕೆ ಎಸ್ಕಲೇಟರ್, ಚಲಿಸುವ ನಡೆದಾರಿಗಳನ್ನೂ ಸೇರಿಸಿ ಹೊಸ ಕಾಯ್ದೆ ತಂದಿತು. ಥರ್ಡ್ ಪಾರ್ಟಿ ವಿಮೆಯನ್ನೂ ಕಾನೂನಿನೊಳಗೆ ತಂದಿತು. ದೆಹಲಿಗೆ ವಿಸ್ತರಿಸಲಾಗಿದ್ದು ಅದೇ 1939ರ ಬಾಂಬೆ ಕಾಯ್ದೆ. ಅಲ್ಲಿನ ಲಿಫ್ಟ್ ನಿಯಮಗಳು 1942ರವು. ತಮಿಳುನಾಡು 1997ರಲ್ಲಿ ತನ್ನ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ 2012ರ ಲಿಫ್ಟ್, ಎಸ್ಕಲೇಟರ್ ಮತ್ತು ಪ್ರಯಾಣಿಕರ ಕನ್ವೇಯರ್ ಕಾಯ್ದೆ ಇದೆ. ಪರವಾನಗಿ, ತಪಾಸಣೆ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ.

ದುರಂತ ನಡೆದ ಮೇಲೆಯೇ ಕಾನೂನು ಎಚ್ಚೆತ್ತುಕೊಳ್ಳುವುದಕ್ಕೆ ಉತ್ತರ ಪ್ರದೇಶ ಉದಾಹರಣೆ. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾ ವೆಸ್ಟ್‌ನ ನಿರ್ಮಾಣ ಹಂತದ ಕಟ್ಟಡದಲ್ಲಿ ಲಿಫ್ಟ್ ಕುಸಿದು ಕನಿಷ್ಠ ಎಂಟು ಕಾರ್ಮಿಕರು ಸತ್ತರು. ಅದಕ್ಕೆ ಕೆಲವೇ ದಿನಗಳ ಮೊದಲು ಮುಂಬೈ ಪಕ್ಕದ ಠಾಣೆಯಲ್ಲೂ ನಿರ್ಮಾಣ ಹಂತದ ಕಟ್ಟಡದ ಲಿಫ್ಟ್ ಬಿದ್ದು ಆರಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ನೋಯ್ಡಾದ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಹಿರಿಯ ಮಹಿಳೆಯೊಬ್ಬರು ಮೃತಪಟ್ಟಿದ್ದರು. ನಿವಾಸಿಗಳ ಒತ್ತಡ ಹೆಚ್ಚಿತು. 2024ರ ಫೆಬ್ರುವರಿಯಲ್ಲಿ ವಿಧಾನಸಭೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ನೋಂದಣಿ, ಎಎಂಸಿ, ವಿದ್ಯುತ್ ಹೋದರೆ ಹತ್ತಿರದ ಮಹಡಿಗೆ ತಂದು ನಿಲ್ಲಿಸುವ ಸಾಧನ, ವರ್ಷಕ್ಕೆ ಎರಡು ಬಾರಿ ಅಣಕು ಕಾರ್ಯಾಚರಣೆ, ಸಾರ್ವಜನಿಕ ಕಟ್ಟಡಗಳ ಲಿಫ್ಟ್‌ಗೆ ವಿಮೆ ಕಡ್ಡಾಯವಾದವು.

2025ರ ಫೆಬ್ರುವರಿಯಲ್ಲಿ ಹೈದರಾಬಾದಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಆರು ವರ್ಷದ ಬಾಲಕ ಲಿಫ್ಟ್ ಮತ್ತು ಗೋಡೆಯ ನಡುವೆ ಸಿಕ್ಕಿಕೊಂಡ. ರಕ್ಷಣಾ ಸಿಬ್ಬಂದಿ ಹೊರತೆಗೆದರೂ ಮರುದಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ತೆಲಂಗಾಣದಲ್ಲಿ ಲಿಫ್ಟ್ ಸುರಕ್ಷತೆಗೆ ಬಿಗಿ ಕಾನೂನು ಬೇಕು ಎಂಬ ಕೂಗು ಆಗ ಜೋರಾಯಿತು.

ಪರವಾನಗಿ ಕೊಟ್ಟವರು ಪಾರು

ತಪಾಸಣೆ ಮಾಡದೆ ಸಹಿ ಹಾಕಿದ ಅಧಿಕಾರಿಗಳ ಹೊಣೆ ಏನು? 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತ ಪ್ರಕರಣದಲ್ಲಿ 2011ರ ಸುಪ್ರೀಂ ಕೋರ್ಟ್ ತೀರ್ಪು ಈ ಪ್ರಶ್ನೆಗೆ ಉತ್ತರಿಸಿದೆ. ಪರಿಹಾರದಲ್ಲಿ ಶೇ 85 ಪಾಲು ಚಿತ್ರಮಂದಿರದವರು, ಶೇ 15 ಪಾಲು ವಿದ್ಯುತ್ ಮಂಡಳಿ ಕೊಡಬೇಕು ಎಂದ ಕೋರ್ಟ್, ಪರವಾನಗಿ ನೀಡಿದ ಪ್ರಾಧಿಕಾರ ಮತ್ತು ಮಹಾನಗರ ಪಾಲಿಕೆಯನ್ನು ಪರಿಹಾರದ ಹೊಣೆಯಿಂದ ಬಿಟ್ಟಿತು.

ಈ ತೀರ್ಪಿನ ಪರಿಣಾಮ ಲಿಫ್ಟ್ ಪ್ರಕರಣಗಳಿಗೂ ತಟ್ಟುತ್ತದೆ. ತಪಾಸಣೆಯಲ್ಲಿ ಲೋಪವಾಗಿದ್ದರೂ ಇಲಾಖೆಯಿಂದ ಪರಿಹಾರ ಪಡೆಯುವುದು ಬಹಳ ಕಷ್ಟ. ಇತ್ತ ಹೋಟೆಲ್‌ನವರು 'ಸರ್ಕಾರವೇ ಸರಿಯಿದೆ ಎಂದು ಪ್ರಮಾಣಪತ್ರ ಕೊಟ್ಟಿದೆ' ಎನ್ನುತ್ತಾರೆ. ಪ್ರಮಾಣಪತ್ರ ಅದನ್ನು ಕೊಟ್ಟ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅಪಘಾತದ ದಿನ ಲಿಫ್ಟ್ ಹೇಗಿತ್ತು ಎಂಬುದಕ್ಕೆ ಅದು ಉತ್ತರವಲ್ಲ.

ಪೊಲೀಸ್ ಕೇಸ್ ಬೇರೆ, ಪರಿಹಾರ ಬೇರೆ

ಲಿಫ್ಟ್ ದುರಂತ ನಡೆದ ಕೂಡಲೇ ಎಫ್‌ಐಆರ್ ಆಗುತ್ತದೆ, ಮ್ಯಾನೇಜರ್ ಅಥವಾ ಟೆಕ್ನಿಷಿಯನ್ ಬಂಧನದ ಸುದ್ದಿ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಯಂತ್ರಗಳ ವಿಷಯದಲ್ಲಿ ನಿರ್ಲಕ್ಷ್ಯ ತೋರುವುದಕ್ಕೆ 289ನೇ ಸೆಕ್ಷನ್ ಇದೆ. ಅದರ ಶಿಕ್ಷೆ ಗರಿಷ್ಠ ಆರು ತಿಂಗಳು.

ಆದರೆ ಕ್ರಿಮಿನಲ್ ಪ್ರಕರಣದಲ್ಲಿ ನಿರ್ದಿಷ್ಟ ವ್ಯಕ್ತಿಯ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿಕ್ಕಿಬೀಳುವುದು ಹೆಚ್ಚಾಗಿ ಕೆಳಹಂತದ ಸಿಬ್ಬಂದಿ. ಆರೋಪಿಗಳು ಖುಲಾಸೆಯಾದರೂ ಪರಿಹಾರದ ಹಕ್ಕು ಹೋಗುವುದಿಲ್ಲ, ಏಕೆಂದರೆ ಅಲ್ಲಿ ಬೇಕಾಗುವ ಸಾಕ್ಷ್ಯದ ಮಟ್ಟ ಬೇರೆ. ಪೊಲೀಸ್ ಕೇಸ್ ಮುಗಿಯಲಿ ಎಂದು ಕಾಯುತ್ತ ಕೂತು ಎರಡು ವರ್ಷದ ಗಡುವು ಕಳೆದುಕೊಳ್ಳುವುದೇ ಹಲವು ಕುಟುಂಬಗಳು ಸಿಲುಕುವ ಬಲೆ.

ಹೋಟೆಲ್‌ನ ಸಿಬ್ಬಂದಿಗೇ ಗಾಯವಾದರೆ ದಾರಿ ಸ್ವಲ್ಪ ಸುಲಭ. ಕೆಲಸದ ವೇಳೆ ಗಾಯವಾದ ನೌಕರರಿಗೆ ಮಾಲೀಕರು ಪರಿಹಾರ ಕೊಡಬೇಕು ಎಂಬ 1923ರ ಕಾಯ್ದೆಯ ತತ್ವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಅಲ್ಲಿ ಮಾಲೀಕರ ತಪ್ಪು ಸಾಬೀತು ಮಾಡಬೇಕಿಲ್ಲ. ಒಂದೇ ಲಿಫ್ಟ್‌ನಲ್ಲಿ ರೂಮ್ ಬಾಯ್‌ಗೆ ಸಿಗುವ ಈ ರಕ್ಷಣೆ ಅವರ ಪಕ್ಕದಲ್ಲಿ ನಿಂತ ಅತಿಥಿಗೆ ಇಲ್ಲ.

ಗಾಯಗೊಂಡವರು ಮೊದಲ ವಾರದಲ್ಲಿ ಮಾಡಬೇಕಾದ್ದು

* ಚಿಕಿತ್ಸೆಯ ವೇಳೆ ಲಿಫ್ಟ್ ಅಥವಾ ಎಸ್ಕಲೇಟರ್ ಅಪಘಾತ ಎಂದು ಆಸ್ಪತ್ರೆಯ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆಸಬೇಕು. 'ಜಾರಿ ಬಿದ್ದರು' ಎಂಬ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಬೀಳಿಸಬಹುದು.
* ಸಿಸಿಟಿವಿ ದೃಶ್ಯ, ಲಿಫ್ಟ್‌ನ ಲಾಗ್‌ಬುಕ್, ಎಎಂಸಿ ದಾಖಲೆಗಳನ್ನು ಕಾಪಾಡುವಂತೆ ಹೋಟೆಲ್‌ಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಇಮೇಲ್ ಆದರೂ ಸಾಕು.
* ಲಿಫ್ಟ್‌ನೊಳಗಿನ ನೋಂದಣಿ ಸಂಖ್ಯೆ, ಕಂಪನಿಯ ಹೆಸರು, ಕೊನೆಯ ತಪಾಸಣೆಯ ದಿನಾಂಕದ ಫೋಟೊ ತೆಗೆದಿಡಬೇಕು.
* ಬಿಲ್, ಟಿಕೆಟ್, ಆಮಂತ್ರಣ ಪತ್ರ ಎಸೆಯಬಾರದು. ಅಲ್ಲಿದ್ದವರ ಫೋನ್ ನಂಬರ್ ಪಡೆಯಬೇಕು.
* ಪರವಾನಗಿ ಮತ್ತು ತಪಾಸಣಾ ವರದಿಗಾಗಿ ಸಂಬಂಧಪಟ್ಟ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕಬಹುದು.
* 'ಚಿಕಿತ್ಸೆಯ ಖರ್ಚು ಕೊಡುತ್ತೇವೆ' ಎಂದು ಮುಂದಿಡುವ ಕಾಗದಕ್ಕೆ ಓದದೆ ಸಹಿ ಹಾಕಬಾರದು. 'ಇನ್ನು ಯಾವ ಹಕ್ಕೂ ಇಲ್ಲ' ಎಂಬ ಸಾಲು ಅದರಲ್ಲಿರಬಹುದು.
* ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.

ಬೇಕಿರುವುದು ಹೊಸ ತತ್ವವಲ್ಲ

ಭೋಪಾಲ್ ದುರಂತದ ನಂತರ, 1991ರಲ್ಲಿ ದೇಶ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ತಂದಿತು. ಅಪಾಯಕಾರಿ ವಸ್ತುಗಳನ್ನು ಬಳಸುವ ಉದ್ಯಮಗಳು ವಿಮೆ ಮಾಡಿಸಬೇಕು, ಸಂತ್ರಸ್ತರಿಗೆ ತಪ್ಪಿನ ಚರ್ಚೆಗೆ ಮೊದಲೇ ನೆರವು ಸಿಗಬೇಕು ಎಂಬುದು ಅದರ ತಿರುಳು. ವಾಹನಗಳ ವಿಷಯದಲ್ಲೂ ಅದೇ ತತ್ವ ಜಾರಿಯಲ್ಲಿದೆ. ಯಂತ್ರವೊಂದನ್ನು ಸಾರ್ವಜನಿಕರ ನಡುವೆ ಓಡಿಸಿ ಲಾಭ ಪಡೆಯುವವರು ಅದರ ಅಪಾಯದ ವೆಚ್ಚವನ್ನೂ ಹೊರಬೇಕು ಎಂಬುದನ್ನು ಭಾರತ ಎರಡು ಬಾರಿ ಒಪ್ಪಿಕೊಂಡಿದೆ. ಲಿಫ್ಟ್ ಕೂಡ ಅಂಥದ್ದೇ ಯಂತ್ರ. ಅದು ಅಡ್ಡಡ್ಡ ಓಡುವ ಬದಲು ಉದ್ದುದ್ದ ಓಡುತ್ತದೆ, ಅಷ್ಟೇ ವ್ಯತ್ಯಾಸ.

ಮಹಾರಾಷ್ಟ್ರ, ಉತ್ತರ ಪ್ರದೇಶಗಳು ವಿಮೆಯ ಅರ್ಧ ದಾರಿ ನಡೆದಿವೆ. ಉಳಿದ ಅರ್ಧ ದಾರಿ ಎಂದರೆ ತಪ್ಪು ಸಾಬೀತಾಗುವ ಮೊದಲೇ ಸಿಗುವ ನಿಗದಿತ ಮೊತ್ತ, ಅಪಘಾತ ನಡೆದ ಲಿಫ್ಟ್‌ನ ದಾಖಲೆಗಳನ್ನು ಕೂಡಲೇ ಮುಟ್ಟುಗೋಲು ಹಾಕುವ ನಿಯಮ, ಮತ್ತು ಯಾವ ಕಟ್ಟಡದ ಲಿಫ್ಟ್ ಕೊನೆಯ ಬಾರಿ ಯಾವಾಗ ತಪಾಸಣೆಯಾಯಿತು ಎಂದು ಯಾರು ಬೇಕಾದರೂ ನೋಡಬಹುದಾದ ಪಟ್ಟಿ. ಒಂದು ಆಟೋದ ನಂಬರ್ ಹಾಕಿದರೆ ಅದರ ವಿಮೆ, ಫಿಟ್‌ನೆಸ್ ಯಾವಾಗ ಮುಗಿಯುತ್ತದೆ ಎಂದು ಇಂದು ಮೊಬೈಲ್‌ನಲ್ಲೇ ತಿಳಿಯುತ್ತದೆ. ಇಪ್ಪತ್ತನೇ ಮಹಡಿಗೆ ಹದಿಮೂರು ಜನರನ್ನು ಹೊತ್ತೊಯ್ಯುವ ಲಿಫ್ಟ್‌ನ ಬಗ್ಗೆಯೂ ಅಷ್ಟು ಮಾಹಿತಿ ಸಿಗಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಅಲ್ಲಿಯವರೆಗೆ ಗಾಯಗೊಂಡವರ ಕೈಯಲ್ಲಿರುವುದು ಒಂದು ಬಿಲ್, ಒಂದು ಫೋಟೊ ಮತ್ತು ಎರಡು ವರ್ಷದ ಗಡುವು. ಹೋಟೆಲ್ 'ಮೇಂಟೆನೆನ್ಸ್‌ನವರನ್ನು ಕೇಳಿ' ಎಂದಾಗ ಸುಮ್ಮನೆ ಮನೆಗೆ ಮರಳದೆ, ಹಣ ಪಡೆದವರು ಯಾರು ಎಂದು ತಿರುಗಿ ಕೇಳಲು ಅಷ್ಟು ಸಾಕಾಗುತ್ತದೆ.